ಪೆಡಲ್ ಮೇಲೊಬ್ಬ, ಚಕ್ರದ ಬಳಿಯೊಬ್ಬ

“ಒತ್ತು.”

“ಒತ್ತಿದೆ.”

“ಹಾಗೇ ಹಿಡಿದಿರು... ಹ್ಞಾಂ, ಈಗ ಬಿಡು.”

ಬ್ರಿಟನ್ನಿನ ಯಾವುದೋ ಊರು. ಅಲ್ಲೊಂದು ಮನೆಯ ಹಿಂಬದಿಯ ಷೆಡ್ಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಭಾನುವಾರದ ಬೆಳಿಗ್ಗೆ. ಅರವತ್ತು ವರ್ಷ ಹಳೆಯದಾದ ಬಸ್ಸೊಂದು ನಾಲ್ಕು ಉಕ್ಕಿನ ಆಸರೆಗಳ ಮೇಲೆ ನಿಂತಿದೆ. ಒಬ್ಬ ಚಾಲಕನ ಸೀಟಿನಲ್ಲಿ ಕುಳಿತಿದ್ದಾನೆ. ಅವನ ಗೆಳೆಯ ಹಿಂದಿನ ಚಕ್ರದ ಬಳಿ ನೆಲದ ಮೇಲೆ ಮಲಗಿದ್ದಾನೆ. ಕೈಯಲ್ಲಿ ಸಣ್ಣ ಸ್ಪ್ಯಾನರು, ಪಕ್ಕದಲ್ಲಿ ಜಾಮ್ ಬಾಟಲಿ, ಬಾಟಲಿಯೊಳಗೆ ಇಳಿಬಿಟ್ಟ ಪಾರದರ್ಶಕ ಕೊಳವೆ. ಮೇಲಿನ ಮೂರು ಮಾತುಗಳನ್ನು ಅವರು ಅರ್ಧ ಗಂಟೆಯಿಂದ ಹೇಳಿದ್ದನ್ನೇ ಹೇಳುತ್ತಿದ್ದಾರೆ.

ಹೊರಗೆ ನಿಂತು ಕೇಳಿದವರಿಗೆ ಇದೇನು ಮಕ್ಕಳಾಟ ಅನ್ನಿಸೀತು. ಆದರೆ ಇಡೀ ಕೆಲಸದಲ್ಲಿ ಇದಕ್ಕಿಂತ ಗಂಭೀರವಾದ ಗಳಿಗೆ ಇನ್ನೊಂದಿಲ್ಲ. ನಾಳೆ ಇಳಿಜಾರಿನಲ್ಲಿ ಈ ಬಸ್ಸು ನಿಲ್ಲುತ್ತದೋ ಇಲ್ಲವೋ ಎಂಬುದು ಈ ಮೂರು ಮಾತುಗಳಲ್ಲೇ ತೀರ್ಮಾನವಾಗುತ್ತಿದೆ. ಏಕೆಂದರೆ ಇವರು ಬ್ರೇಕಿನ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಹಾಕುತ್ತಿದ್ದಾರೆ. ಗ್ಯಾರೇಜಿನ ಭಾಷೆಯಲ್ಲಿ ಹೇಳುವುದಾದರೆ ‘ಏರ್ ತೆಗೆಯುತ್ತಿದ್ದಾರೆ’.

ಈ ಕೆಲಸಕ್ಕೆ ಇಬ್ಬರು ಏಕೆ ಬೇಕು? ಉತ್ತರ ಹುಡುಕುತ್ತ ಹೋದರೆ ಭೌತಶಾಸ್ತ್ರದ ಎರಡು ಪಾಠಗಳು ಸಿಗುತ್ತವೆ. ಪಠ್ಯಪುಸ್ತಕದಲ್ಲಿ ಇಲ್ಲದ ಇನ್ನೊಂದು ಪಾಠವೂ ಸಿಗುತ್ತದೆ.

ಇದೆಂಥ ಬಸ್ಸು?

ಬಸ್ಸು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಐವತ್ತು ಸೀಟಿನ ದೊಡ್ಡ ವಾಹನ. ಇದು ಅದಲ್ಲ. ನಮ್ಮಲ್ಲಾದರೆ ಇದನ್ನು ವ್ಯಾನು ಎನ್ನುತ್ತಿದ್ದೆವು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ತಯಾರಿಸಿದ ಈ ಪುಟ್ಟ ಗಾಡಿಯನ್ನು ಅದರ ಅಭಿಮಾನಿಗಳು ಪ್ರೀತಿಯಿಂದ ‘ಬಸ್’ ಎಂದೇ ಕರೆಯುತ್ತಾರೆ.

ಅದು ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧ ಮುಗಿದ ಹೊಸತು. ವೋಲ್ಫ್ಸ್‌ಬರ್ಗ್ ಊರಿನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅತ್ತಿಂದಿತ್ತ ಸಾಗಿಸಲು ಸರಳವಾದ ಬಂಡಿಗಳಿದ್ದವು. ಕಾರಿನ ತಳಗಟ್ಟು, ಅದರ ಮೇಲೊಂದು ಚಪ್ಪಟೆ ಹಾಸು, ಅಷ್ಟೆ. ಹಾಲೆಂಡಿನ ಕಾರು ವ್ಯಾಪಾರಿ ಬೆನ್ ಪೊನ್ ಈ ಬಂಡಿಗಳನ್ನು ಕಂಡ. ಉಳಿದವರು ದಿನವೂ ನೋಡುತ್ತಿದ್ದುದರಲ್ಲಿ ಅವನಿಗೆ ಹೊಸದೊಂದು ಹೊಳೆಯಿತು. 1947ರ ಏಪ್ರಿಲ್ 23ರಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಗೀಟುಚಿತ್ರ ಬರೆದ. ಡಬ್ಬಿಯಂಥ ಮೈ, ತೀರ ಮುಂದೆ ಚಾಲಕ, ತೀರ ಹಿಂದೆ ಎಂಜಿನ್, ನಡುವೆಲ್ಲ ಖಾಲಿ ಜಾಗ. ಆ ಗೀಟುಗಳು ಬೆಳೆದು 1950ರ ಮಾರ್ಚ್ 8ರಂದು ಕಾರ್ಖಾನೆಯಲ್ಲಿ ಬಸ್ಸಿನ ತಯಾರಿಕೆ ಶುರುವಾಯಿತು.

ಮೊದಲ ಬಸ್ಸುಗಳ ಎಂಜಿನ್ ಶಕ್ತಿ ಕೇವಲ 25 ಅಶ್ವಶಕ್ತಿ. ನಮ್ಮ ಹಳೆಯ ಮಾರುತಿ 800 ಕಾರಿನದ್ದಕ್ಕಿಂತಲೂ ಕಡಿಮೆ! ಆದರೂ ಅದು ಎಂಟು ಜನರನ್ನು ಹೊತ್ತು ಸಾಗುತ್ತಿತ್ತು. 1967ರ ತನಕ ಜರ್ಮನಿಯಲ್ಲಿ ಈ ಮೊದಲ ಮಾದರಿಯ ಬಸ್ಸುಗಳು ಸುಮಾರು 18 ಲಕ್ಷ ತಯಾರಾದವು. ಅವುಗಳಲ್ಲಿ ಉಳಿದುಕೊಂಡವನ್ನು ಬ್ರಿಟನ್, ಜರ್ಮನಿ, ಅಮೆರಿಕಗಳಲ್ಲಿ ಜನ ಇಂದಿಗೂ ಮನೆಯಲ್ಲೇ ದುರಸ್ತಿ ಮಾಡಿ ಓಡಿಸುತ್ತಾರೆ.

ಮನೆಯಲ್ಲೇ ಹೇಗೆ ಸಾಧ್ಯ? ಮೊದಲನೆಯದಾಗಿ, ಇದು ಷೆಡ್ಡಿನೊಳಗೆ ಹಿಡಿಸುವಷ್ಟು ಚಿಕ್ಕದು. ಎರಡನೆಯದಾಗಿ, ಎಂಜಿನ್ ತೀರ ಸರಳ. ರೇಡಿಯೇಟರ್ ಇಲ್ಲ, ನೀರಿನ ಗೊಡವೆಯಿಲ್ಲ. ಸ್ಕೂಟರಿನ ಎಂಜಿನ್ನಿಗಿರುವಂತೆ ಸಿಲಿಂಡರುಗಳ ಸುತ್ತ ಲೋಹದ ತೆಳು ರೆಕ್ಕೆಗಳಿವೆ. ಒಂದು ಫ್ಯಾನು ಅವುಗಳ ಮೇಲೆ ಗಾಳಿ ಹಾಯಿಸುತ್ತದೆ. ರೆಕ್ಕೆಗಳಿಂದ ಗಾಳಿ ತಾಗುವ ಮೇಲ್ಮೈ ಹೆಚ್ಚುತ್ತದೆ, ಶಾಖ ಬೇಗ ಹೊರಹೋಗುತ್ತದೆ. ಬಿಸಿ ಕಾಫಿಯನ್ನು ಬಸಿಗೆ ಸುರಿದು ಆರಿಸುತ್ತೇವಲ್ಲ, ತತ್ವ ಅದೇ.

1969ರಲ್ಲಿ ಅಮೆರಿಕದ ಎಂಜಿನಿಯರ್ ಜಾನ್ ಮ್ಯೂರ್ ಈ ಕಂಪನಿಯ ವಾಹನಗಳ ರಿಪೇರಿಯ ಬಗ್ಗೆ ಒಂದು ಪುಸ್ತಕ ಬರೆದ. ಅದು ಮೆಕ್ಯಾನಿಕ್ಕುಗಳಿಗಾಗಿ ಬರೆದದ್ದಲ್ಲ, ಸ್ಪ್ಯಾನರು ಹಿಡಿದೇ ಗೊತ್ತಿಲ್ಲದ ಸಾಮಾನ್ಯರಿಗಾಗಿ ಬರೆದದ್ದು. ಅದನ್ನು ಪಕ್ಕದಲ್ಲಿಟ್ಟುಕೊಂಡು ಎಷ್ಟೋ ಜನ ಮೊದಲ ಸಲ ತಮ್ಮ ಗಾಡಿಯ ಎಂಜಿನ್ ಬಿಚ್ಚಿದರು.

ಆಯಸ್ಕಾಂತದ ಸಾಕ್ಷಿ

ಹಳೆಯ ಬಸ್ಸಿನ ದೊಡ್ಡ ಶತ್ರು ತುಕ್ಕು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಸೇರಿದರೆ ತುಕ್ಕು ಹಿಡಿಯುತ್ತದೆ ಎಂದು ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತು. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ಉಪ್ಪು ಚೆಲ್ಲುತ್ತಾರೆ. ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಅದಕ್ಕಾಗಿಯೇ ಅಲ್ಲಿನ ಆಸಕ್ತರು ಕ್ಯಾಲಿಫೋರ್ನಿಯದಂಥ ಒಣಸೀಮೆಯಿಂದ ಹಳೆಯ ಬಸ್ಸುಗಳನ್ನು ಹಡಗಿನಲ್ಲಿ ತರಿಸಿಕೊಳ್ಳುವುದುಂಟು.

ತುಕ್ಕು ಕಣ್ಣಿಗೆ ಕಾಣುವಂತಿದ್ದರೆ ಚಿಂತೆಯಿಲ್ಲ. ಹಿಂದಿನ ಮಾಲೀಕ ತೂತಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದಿದ್ದರೆ? ಕಣ್ಣಿಗೆ ಎಲ್ಲವೂ ನುಣುಪು. ಷೆಡ್ಡಿನ ಗೆಳೆಯರು ಇದಕ್ಕೊಂದು ಸುಲಭ ಪರೀಕ್ಷೆ ಮಾಡುತ್ತಾರೆ. ಸಣ್ಣ ಆಯಸ್ಕಾಂತವೊಂದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬಸ್ಸಿನ ಮೈಮೇಲೆ ಸರಿಸುತ್ತ ಹೋಗುತ್ತಾರೆ. ಉಕ್ಕಿನ ತಗಡಿದ್ದಲ್ಲಿ ಅದು ಅಂಟುತ್ತದೆ. ದಪ್ಪನೆಯ ಪುಟ್ಟಿಯಿದ್ದಲ್ಲಿ ಜಾರಿ ಬೀಳುತ್ತದೆ. ಬಣ್ಣ ಸುಳ್ಳು ಹೇಳಬಹುದು, ಆಯಸ್ಕಾಂತ ಹೇಳದು.

ತುಕ್ಕು ತಿಂದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಇಲ್ಲೂ ಎಚ್ಚರ ಬೇಕು. ಬಾಗಿಲುಗಳ ಕೆಳಗೆ ಪೆಟ್ಟಿಗೆಯಾಕಾರದ ಉಕ್ಕಿನ ತೊಲೆಗಳಿವೆ. ಬಸ್ಸಿನ ಭಾರವನ್ನು ಹೊರುವುದರಲ್ಲಿ ಅವುಗಳ ಪಾಲು ದೊಡ್ಡದು. ತಾತ್ಕಾಲಿಕ ಆಧಾರ ಕೊಡದೆ ಅವನ್ನು ಕತ್ತರಿಸಿದರೆ ಇಡೀ ಮೈ ಕೂದಲೆಳೆಯಷ್ಟು ಕುಸಿಯುತ್ತದೆ. ಆಮೇಲೆ ಬಾಗಿಲು ಚೌಕಟ್ಟಿನಲ್ಲಿ ಕೂರುವುದೇ ಇಲ್ಲ. ಕತ್ತರಿಸುವವನ ಕಣ್ಣು ಕಿಡಿಯ ಮೇಲೆ ಇರುತ್ತದೆ. ಬಾಗಿಲಿನ ಸಂದು ಕಿರಿದಾಗುತ್ತಿದೆಯೇ ಎಂದು ನೋಡಲು ಇನ್ನೊಬ್ಬ ಬೇಕು.

ನಾಲ್ಕು ಕೈಗಳ ಕೆಲಸ

ಹಳೆಯ ಬಸ್ಸನ್ನು ಬಿಚ್ಚುವುದು ಕಷ್ಟವಲ್ಲ, ಮತ್ತೆ ಜೋಡಿಸುವುದೇ ಕಷ್ಟ. ಆದ್ದರಿಂದ ಬಿಚ್ಚಿದ ಪ್ರತಿ ಬೋಲ್ಟೂ ಹೆಸರು ಬರೆದ ಡಬ್ಬಿಗೆ ಹೋಗುತ್ತದೆ. ಒಬ್ಬ ಬಿಚ್ಚುತ್ತಾನೆ, ಇನ್ನೊಬ್ಬ ಚಿತ್ರ ತೆಗೆದು ಬರೆದಿಡುತ್ತಾನೆ. ಆರು ತಿಂಗಳ ನಂತರ ನೆನಪು ಕೈಕೊಟ್ಟಾಗ ಬರಹ ಕೈಹಿಡಿಯುತ್ತದೆ. ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕ ಬರೆಯುವುದು ಅಂಕಕ್ಕಾಗಿ ಮಾತ್ರ ಎಂದುಕೊಂಡ ವಿದ್ಯಾರ್ಥಿಗಳು ಒಮ್ಮೆ ಇಂಥ ಷೆಡ್ಡಿನಲ್ಲಿ ಕೆಲಸ ಮಾಡಬೇಕು.

ಎಂಜಿನ್ ಇಳಿಸುವ ದಿನ ಇನ್ನೂ ವಿಶೇಷ. ಮೊದಲ ಮಾದರಿಯ ಬಸ್ಸಿನಲ್ಲಿ ನೂರು ಕಿಲೋಗ್ರಾಂ ಆಸುಪಾಸಿನ ಎಂಜಿನ್ನನ್ನು ಗೇರ್ ಬಾಕ್ಸಿಗೆ ಹಿಡಿದಿರುವುದು ನಾಲ್ಕೇ ಜಾಗದಲ್ಲಿ. ಆದರೆ ಮೇಲಿನ ಬೋಲ್ಟುಗಳ ಒಂದು ತುದಿ ಎಂಜಿನ್ ಗೂಡಿನ ಕಡೆ, ಇನ್ನೊಂದು ತುದಿ ಬಸ್ಸಿನ ಅಡಿಯ ಕಡೆ. ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆಯೂ ಜೊತೆಗೇ ತಿರುಗುತ್ತದೆ. ಮೇಲೊಬ್ಬ ಗಟ್ಟಿಯಾಗಿ ಹಿಡಿಯಬೇಕು, ಕೆಳಗೊಬ್ಬ ತಿರುಗಿಸಬೇಕು. ಆಮೇಲೆ ಜಾಕಿನ ಮೇಲೆ ಎಂಜಿನ್ನನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು. ಓರೆಯಾಗಿ ಅದರ ಭಾರವೆಲ್ಲ ಗೇರ್ ಬಾಕ್ಸಿನ ದಂಡದ ಮೇಲೆ ಬಿದ್ದರೆ ಕ್ಲಚ್ಚು ಹಾಳು. ಒಬ್ಬ ಜಾಕು ಏರಿಳಿಸುತ್ತಾನೆ, ಇನ್ನೊಬ್ಬ ಪಕ್ಕದಿಂದ ನೋಡುತ್ತ “ಸಾಕು, ಸಾಕು” ಎನ್ನುತ್ತಾನೆ.

ಇನ್ನೊಂದು ನಿಯಮ ಎಲ್ಲಕ್ಕಿಂತ ಮುಖ್ಯ. ಬರೀ ಜಾಕಿನ ಮೇಲೆ ನಿಂತ ವಾಹನದ ಅಡಿಗೆ ಎಂದೂ ನುಸುಳಬಾರದು. ಜಾಕು ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಮೇಲೆ ಉಕ್ಕಿನ ಆಸರೆ ಕೊಡಬೇಕು. ಅಡಿಗೆ ಹೋಗುವಾಗ ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರು ಇರಬೇಕು.

ಪಾಸ್ಕಲ್ ಮತ್ತು ಬಾಯ್ಲ್

ಈಗ ಮತ್ತೆ ಬ್ರೇಕಿನ ಬಳಿ ಬರೋಣ. ಚಾಲಕ ಪೆಡಲ್ ಒತ್ತಿದಾಗ ಅದು ಒಂದು ಸಿಲಿಂಡರಿನೊಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ಸಿಲಿಂಡರಿನ ತುಂಬ ಬ್ರೇಕ್ ಆಯಿಲ್ ಇದೆ. ಹೆಸರು ಆಯಿಲ್ ಎಂದಿದ್ದರೂ ಅದು ಎಂಜಿನ್ನಿಗೆ ಹಾಕುವ ಎಣ್ಣೆಯಲ್ಲ, ಬೇರೆಯದೇ ದ್ರವ. ಅದರ ಒತ್ತಡ ಸಣ್ಣ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳಿಗೆ ತಲುಪುತ್ತದೆ. ಅಲ್ಲಿನ ಪುಟ್ಟ ಪಿಸ್ಟನ್ನುಗಳು ಬ್ರೇಕ್ ಷೂಗಳನ್ನು ಡ್ರಮ್ಮಿಗೆ ಅದುಮುತ್ತವೆ. ಚಕ್ರ ನಿಲ್ಲುತ್ತದೆ. ಮುಚ್ಚಿದ ದ್ರವದ ಒಂದೆಡೆ ಕೊಟ್ಟ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವೇ ಇಲ್ಲಿ ಕೆಲಸ ಮಾಡುವುದು.

ಇದಕ್ಕೊಂದು ಷರತ್ತಿದೆ. ಕೊಳವೆಯಲ್ಲಿ ದ್ರವ ಮಾತ್ರ ಇರಬೇಕು. ದ್ರವವನ್ನು ಎಷ್ಟು ಅದುಮಿದರೂ ಅದು ಕುಗ್ಗುವುದು ಅತ್ಯಲ್ಪ. ನೀರಿನ ಮೇಲೆ ವಾತಾವರಣದ 50ರಷ್ಟು ಒತ್ತಡ ಹಾಕಿದರೂ ಅದರ ಗಾತ್ರ ಕುಗ್ಗುವುದು ಸಾವಿರದಲ್ಲಿ ಎರಡು ಪಾಲು ಮಾತ್ರ. ಗಾಳಿಯ ಸ್ವಭಾವ ಬೇರೆ. ಒತ್ತಡ ಹೆಚ್ಚಿದಷ್ಟೂ ಗಾತ್ರ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ ಎಂದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ. ಉಷ್ಣತೆ ಬದಲಾಗದಿದ್ದರೆ, 50 ಪಟ್ಟು ಒತ್ತಡದಲ್ಲಿ ಗಾಳಿ ಐವತ್ತನೇ ಒಂದು ಭಾಗಕ್ಕೆ ಮುದುಡುತ್ತದೆ.

ಕೊಳವೆಯಲ್ಲಿ ಗಾಳಿಗುಳ್ಳೆಗಳಿದ್ದರೆ ಏನಾಗುತ್ತದೆ ಎಂದು ಈಗ ಊಹಿಸಬಹುದು. ಚಾಲಕ ಪೆಡಲ್ ಒತ್ತುತ್ತಾನೆ. ಅವನ ಕಾಲಿನ ಶ್ರಮವೆಲ್ಲ ಗುಳ್ಳೆಗಳನ್ನು ಮುದುಡಿಸುವುದರಲ್ಲೇ ಮುಗಿಯುತ್ತದೆ. ಪೆಡಲ್ ಹತ್ತಿಯ ಮೂಟೆಯಂತೆ ಮೆತ್ತಗೆ ಕೆಳಗಿಳಿಯುತ್ತದೆ. ಬಸ್ಸು ಮುಂದೆ ಹೋಗುತ್ತಲೇ ಇರುತ್ತದೆ.

ಗುಳ್ಳೆಗಳನ್ನು ತೆಗೆಯಲು ಪ್ರತಿ ಚಕ್ರದ ಹಿಂದೆಯೂ ತಿರುಗಿಸಿ ತೆರೆಯುವ ಒಂದು ನಿಪ್ಪಲ್ ಇದೆ. ಸಾಮಾನ್ಯವಾಗಿ ಪೆಡಲಿನಿಂದ ಅತಿ ದೂರದ ಚಕ್ರದಿಂದ ಶುರುಮಾಡುತ್ತಾರೆ. ಒಬ್ಬ ಪೆಡಲ್ ಒತ್ತಿ ಹಿಡಿಯುತ್ತಾನೆ. ಇನ್ನೊಬ್ಬ ನಿಪ್ಪಲ್ ಸಡಿಲಿಸುತ್ತಾನೆ. ದ್ರವದೊಂದಿಗೆ ಗುಳ್ಳೆಗಳು ಕೊಳವೆಯಲ್ಲಿ ಬಂದು ಬಾಟಲಿ ಸೇರುತ್ತವೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ “ಬಿಡು” ಎಂಬ ಮಾತು ಹೊರಡಬೇಕು. ಅದಕ್ಕೆ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಕ್ಕೆ ಹೀರಿಕೊಂಡೀತು. ಅರ್ಧ ದಿನದ ಕೆಲಸ ನೀರುಪಾಲು! ಪೆಡಲ್ ಮೇಲಿದ್ದವನಿಗೆ ನಿಪ್ಪಲ್ ಕಾಣದು. ಚಕ್ರದ ಬಳಿಯಿದ್ದವನಿಗೆ ಪೆಡಲ್ ಕಾಣದು. ಇಬ್ಬರ ನಡುವೆ ಇರುವುದು ಮಾತು ಮತ್ತು ನಂಬಿಕೆ, ಎರಡೇ.

ಬ್ರೇಕ್ ಆಯಿಲಿಗೆ ಇನ್ನೊಂದು ದುರ್ಗುಣವಿದೆ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯ ದ್ರವ ಹೊಸದಾಗಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ತೇವ ಹೀರಿದ ಮೇಲಿನ ಪರೀಕ್ಷೆಯಲ್ಲಿ ಈ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದು ದ್ರವ ಕುದಿದರೆ ಆವಿಯ ಗುಳ್ಳೆಗಳೇಳುತ್ತವೆ. ಆವಿಯೂ ಗಾಳಿಯಂತೆ ಮುದುಡುತ್ತದೆ. ಆದ್ದರಿಂದ ಹಳೆಯ ದ್ರವವನ್ನು ಆಗಾಗ ಬದಲಿಸಬೇಕು.

ಇನ್ನೊಂದು ಜೊತೆ ಕಣ್ಣು

ಈ ಕಾಲದ ವಾಹನಗಳಲ್ಲಿ ಬ್ರೇಕಿನ ಕೊಳವೆಗಳು ಎರಡು ಪ್ರತ್ಯೇಕ ಜಾಲಗಳಾಗಿರುತ್ತವೆ. ಒಂದು ಸೋರಿದರೂ ಇನ್ನೊಂದು ಕೈಬಿಡುವುದಿಲ್ಲ. ನಮ್ಮ ಷೆಡ್ಡಿನ ಬಸ್ಸು ಅದಕ್ಕಿಂತ ಹಿಂದಿನದು. ಅದಕ್ಕಿರುವುದು ಒಂದೇ ಜಾಲ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕು ಹೋದಂತೆ.

ಆದ್ದರಿಂದ ಗಾಳಿ ತೆಗೆದ ಮೇಲೂ ಕೆಲಸ ಮುಗಿಯದು. ಒಬ್ಬ ಪೆಡಲನ್ನು ಬಲವಾಗಿ ಒತ್ತಿ ಹಿಡಿಯುತ್ತಾನೆ. ಅದು ಮೆಲ್ಲಗೆ ಇಳಿಯತೊಡಗಿದರೆ ಎಲ್ಲೋ ಸೋರಿಕೆಯಿದೆ ಎಂದರ್ಥ. ಇನ್ನೊಬ್ಬ ಟಾರ್ಚು ಹಿಡಿದು ಒಂದೊಂದೇ ಜೋಡಣೆಯನ್ನು ನೋಡುತ್ತಾನೆ. ಬಳಿಕ ಇಬ್ಬರೂ ಜಾಗ ಬದಲಿಸುತ್ತಾರೆ. ಒಬ್ಬ ಬಿಗಿ ಮಾಡಿದ್ದನ್ನು ಇನ್ನೊಬ್ಬ ಪರೀಕ್ಷಿಸಬೇಕು, ಇದು ಅವರ ನಿಯಮ. “ನಾನೇ ಬಿಗಿ ಮಾಡಿದ್ದೇನಲ್ಲ, ಮತ್ತೇಕೆ ನೋಡುವುದು?” ಎಂದು ಮೊದಮೊದಲು ಮುನಿಸು ಬಂದೀತು. ಆದರೆ ಮಾಡಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದು ಕಷ್ಟ. ಪರೀಕ್ಷೆಯಲ್ಲಿ ಬರೆದ ಉತ್ತರವನ್ನು ಮೂರು ಸಲ ಓದಿದರೂ ಬಿಟ್ಟುಹೋದ ಅಕ್ಷರ ಕಾಣುವುದಿಲ್ಲವಲ್ಲ, ಹಾಗೆ.

ಬ್ರಿಟನ್ನಿನಲ್ಲಿ ವಾಹನಗಳಿಗೆ ವರ್ಷಕ್ಕೊಮ್ಮೆ ಸುರಕ್ಷತೆಯ ತಪಾಸಣೆ ಕಡ್ಡಾಯ. 2018ರ ಮೇ ತಿಂಗಳಿಂದ, ನಲವತ್ತು ವರ್ಷ ದಾಟಿದ, ಹೆಚ್ಚಿನ ಮಾರ್ಪಾಡು ಮಾಡದ ವಾಹನಗಳಿಗೆ ಇದರಿಂದ ವಿನಾಯಿತಿ ಸಿಕ್ಕಿದೆ. ವಾಹನ ಸುಸ್ಥಿತಿಯಲ್ಲಿರಬೇಕೆಂಬ ಹೊಣೆಗೆ ಮಾತ್ರ ವಿನಾಯಿತಿಯಿಲ್ಲ. ಅದು ಪೂರ್ತಿ ಮಾಲೀಕನ ಮೇಲೆಯೇ ಬಿದ್ದಿದೆ. ಹೊರಗಿನ ಕಣ್ಣು ಕಡ್ಡಾಯವಲ್ಲದಾಗ ಗೆಳೆಯನ ಕಣ್ಣಿಗೆ ಬೆಲೆ ಹೆಚ್ಚು. ವಿನಾಯಿತಿಯಿದ್ದರೂ ತಾವಾಗಿಯೇ ವಾಹನವನ್ನು ತಪಾಸಣೆಗೆ ಒಯ್ಯುವವರೂ ಇದ್ದಾರೆ. ಅದು ಜಾಣತನ.

ಸುರಕ್ಷತೆಯ ಈ ಮಾತಿಗೂ ಬಸ್ಸಿನ ಚರಿತ್ರೆಗೂ ನಂಟಿದೆ. ಜರ್ಮನಿಯಲ್ಲಿ ತಯಾರಿಕೆ ನಿಂತ ಮೇಲೂ ಬ್ರೆಜಿಲ್ ದೇಶದಲ್ಲಿ ಈ ವಂಶದ ಬಸ್ಸುಗಳು 2013ರ ಕೊನೆಯ ತನಕ ತಯಾರಾಗುತ್ತಿದ್ದವು. ಹೊಸ ವಾಹನಗಳಿಗೆ ಗಾಳಿಚೀಲ ಮತ್ತು ಚಕ್ರ ಜಾರದಂತೆ ತಡೆಯುವ ಬ್ರೇಕು ಕಡ್ಡಾಯವೆಂದು ಅಲ್ಲಿ 2014ರಲ್ಲಿ ನಿಯಮ ಬಂತು. ಹಳೆಯ ವಿನ್ಯಾಸಕ್ಕೆ ಅವನ್ನು ಅಳವಡಿಸುವುದು ಆಗಲಿಲ್ಲ. ಪ್ರೀತಿಯ ಬಸ್ಸು ನಿಂತುಹೋದದ್ದಕ್ಕೆ ಮರುಗಿದವರು ಬಹಳ. ಆದರೆ ನಿಯಮ ತಪ್ಪೆಂದು ಹೇಳುವಂತಿರಲಿಲ್ಲ. ಹಳೆಯದನ್ನು ಪ್ರೀತಿಸುವುದೆಂದರೆ ಅದರ ಕೊರತೆಗೆ ಕಣ್ಣು ಮುಚ್ಚುವುದಲ್ಲ.

ಬಾಯ್ಲನ ಕತೆಯಲ್ಲೂ ಒಬ್ಬ ಜೊತೆಗಾರನಿದ್ದಾನೆ. ಗಾಳಿಯ ಗುಣಗಳನ್ನು ಅರಿಯಲು ಬಾಯ್ಲ್ ಬಳಸಿದ ಪಂಪನ್ನು ಕಟ್ಟಿಕೊಟ್ಟವನು ರಾಬರ್ಟ್ ಹುಕ್. ಮುಂದೆ ಹುಕ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಸದಸ್ಯರೆದುರು ಪ್ರಯೋಗ ಮಾಡಿ ತೋರಿಸುವ ಹೊಣೆ ಹೊತ್ತ. 1660ರಲ್ಲಿ ಹುಟ್ಟಿದ ಆ ಸಂಸ್ಥೆಯ ಧ್ಯೇಯವಾಕ್ಯದ ತಿರುಳು ‘ಯಾರ ಮಾತನ್ನೂ ಹಾಗೇ ಒಪ್ಪಬೇಡ’ ಎಂದು. ಒಬ್ಬ ಕಂಡದ್ದನ್ನು ಇನ್ನೊಬ್ಬ ಪರೀಕ್ಷಿಸಿ ನೋಡಿದ ಮೇಲೆಯೇ ಅದು ವಿಜ್ಞಾನ. ಷೆಡ್ಡಿನ ಗೆಳೆಯರು ಮಾಡುತ್ತಿರುವುದೂ ಅದನ್ನೇ.

ಪಠ್ಯಪುಸ್ತಕದಲ್ಲಿ ಇಲ್ಲದ ಪಾಠ ಎಂದದ್ದು ಇದನ್ನೇ. ನಮ್ಮ ಮಕ್ಕಳಿಗೆ ನೋಟ್ಸನ್ನು ಪಕ್ಕದವರಿಂದ ಮುಚ್ಚಿಡಲು ಕಲಿಸುತ್ತೇವೆ. ಪಕ್ಕದವನಿಗೆ ಗೊತ್ತಾದರೆ ತನ್ನ ರ್ಯಾಂಕಿಗೆ ಕುತ್ತು ಎಂಬ ಭಯ. ಷೆಡ್ಡಿನಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ಪಕ್ಕದವನಿಗೆ ಗೊತ್ತಿಲ್ಲದಿದ್ದರೇ ಅಪಾಯ. ತನಗೆ ತಿಳಿದದ್ದನ್ನೆಲ್ಲ ಅವನಿಗೆ ಹೇಳಿಕೊಡಬೇಕು, ತನ್ನ ತಪ್ಪನ್ನು ಅವನು ಎತ್ತಿ ತೋರಿಸಿದರೆ ಸಂತೋಷಪಡಬೇಕು. ದೊಡ್ಡವರಾದ ಮೇಲೆ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಸೇತುವೆ ಕಟ್ಟುವಲ್ಲೋ ಈ ಮಕ್ಕಳಿಗೆ ಬೇಕಾಗುವುದು ಈ ಎರಡನೆಯ ಅಭ್ಯಾಸವೇ.

ಮನೆಯಲ್ಲಿ ಮಾಡಿ ನೋಡಿ

ಬಸ್ಸು ಎಲ್ಲರ ಮನೆಯಲ್ಲೂ ಇರುವುದಿಲ್ಲ. ಔಷಧಿ ಅಂಗಡಿಯಿಂದ 10 ಮಿಲಿಲೀಟರಿನ ಎರಡು ಹೊಸ ಸಿರಿಂಜುಗಳನ್ನು ಸೂಜಿಯಿಲ್ಲದೆ ತನ್ನಿ. ಅವುಗಳ ಮೂತಿಗೆ ಬಿಗಿಯಾಗಿ ಕೂರುವ ಒಂದು ಅಡಿ ಪ್ಲಾಸ್ಟಿಕ್ ಕೊಳವೆಯನ್ನೂ ತನ್ನಿ. ನೀರು ತುಂಬಿದ ಪಾತ್ರೆಯೊಳಗೇ ಒಂದು ಸಿರಿಂಜಿಗೂ ಕೊಳವೆಗೂ ಗುಳ್ಳೆಯಿಲ್ಲದಂತೆ ನೀರು ತುಂಬಿ. ಇನ್ನೊಂದು ಸಿರಿಂಜನ್ನು ಪೂರ್ತಿ ಒತ್ತಿಟ್ಟು ಕೊಳವೆಯ ಮತ್ತೊಂದು ತುದಿಗೆ ಜೋಡಿಸಿ. ಒಂದನ್ನು ನೀವು ಹಿಡಿಯಿರಿ, ಇನ್ನೊಂದನ್ನು ಗೆಳೆಯನಿಗೆ ಕೊಡಿ. ನೀವು ಒತ್ತಿದ ಕೂಡಲೆ ಅವನ ಸಿರಿಂಜು ಮೇಲೇಳುತ್ತದೆ. ಅವನು ಬಿಗಿಯಾಗಿ ಹಿಡಿದರೆ ನಿಮಗೆ ಒತ್ತಲು ಆಗದು. ಈಗ ಅರ್ಧದಷ್ಟು ಗಾಳಿ ಬಿಟ್ಟುಕೊಂಡು ಮತ್ತೆ ಮಾಡಿ. ಅವನು ಬಿಗಿಯಾಗಿ ಹಿಡಿದಿದ್ದರೂ ನಿಮ್ಮದು ಮೆತ್ತಗೆ ಒಳಗಿಳಿಯುತ್ತದೆ. ಗಾಳಿ ಸೇರಿದ ಬ್ರೇಕಿನ ಪೆಡಲ್ ಹೀಗೆಯೇ ಇರುತ್ತದೆ.

ಪೋಷಕರಿಗೂ ಒಂದು ಮಾತು. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದ ಸೈಕಲ್ಲಿದ್ದರೆ ಗುಜರಿಗೆ ಹಾಕಬೇಡಿ. ರಜೆಯಲ್ಲಿ ಮಗನಿಗೋ ಮಗಳಿಗೋ ಒಪ್ಪಿಸಿ, ಜೊತೆಗೆ ಅವರ ಸ್ನೇಹಿತರನ್ನೂ ಕರೆಯಿರಿ. ಬಟ್ಟೆಗೆ ಗ್ರೀಸು ಮೆತ್ತಿಕೊಂಡರೆ ಗದರಬೇಡಿ. ಒಬ್ಬರು ಬಿಗಿ ಮಾಡಿದ್ದನ್ನು ಇನ್ನೊಬ್ಬರು ನೋಡಬೇಕು ಎಂಬ ನಿಯಮ ಮಾತ್ರ ಮೊದಲೇ ಹೇಳಿಡಿ. ಸವಾರಿಗೆ ಮುನ್ನ ಬ್ರೇಕನ್ನು ನೀವೂ ಒಮ್ಮೆ ನೋಡಿ.

ಷೆಡ್ಡಿನ ಬಸ್ಸು ಎಂದು ರಸ್ತೆಗಿಳಿಯುತ್ತದೆ? ಹೇಳುವುದು ಕಷ್ಟ. ಇಂಥ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ಅರ್ಧಕ್ಕೆ ನಿಂತು, ಡಬ್ಬಿಗಳ ಸಮೇತ ಮಾರಾಟಕ್ಕೆ ಬರುವ ಬಸ್ಸುಗಳೂ ಉಂಟು. ಒಬ್ಬನಿಗೆ ಬೇಸರ ಬಂದ ಭಾನುವಾರ ಇನ್ನೊಬ್ಬ ಬಂದು ಬಾಗಿಲು ತಟ್ಟಿದರೆ ಕೆಲಸ ಮುಂದುವರಿಯುತ್ತದೆ. ಇವತ್ತು ಕೊಳವೆಯಲ್ಲಿ ಗುಳ್ಳೆ ಬರುವುದು ನಿಂತಿದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದೆ. ಚಕ್ರದ ಬಳಿಯಿದ್ದವನು ಎದ್ದು, ಕೈ ಒರೆಸಿಕೊಂಡು, ಸೀಟಿನ ಕಡೆ ಬರುತ್ತಾನೆ.

“ಏಳು, ಈಗ ನಾನು ಒತ್ತುತ್ತೇನೆ. ನೀನು ಹೋಗಿ ನೋಡು.”